ರೈಸ್‌ಮಿಲ್ ಮಷಿನ್ ಬುಡಕ್ಕೂ ಕಾಲಂ ರಿಪೇರಿಗೂ ಒಂದೇ ಗ್ರೌಟ್ ನಡೀತೈತೇನ್ರಿ?

ಕಾರಟಗಿ ಸೈಟ್

ಎಲ್ಲರಿಗೂ ನಮಸ್ಕಾರ್ರಿ. ನಾನು ಡಿಪ್ಲೊಮಾ ಸಿವಿಲ್ ಮಾಡೀನಿ. ಕಾರಟಗಿ ಹತ್ರ ಒಂದು ಬಾಯ್ಲ್ಡ್ ರೈಸ್‌ಮಿಲ್ಲಿನ್ಯಾಗ ಬಿಲ್ಡಿಂಗು, ಫೌಂಡೇಶನ್ನು ಎಲ್ಲಾ ನಾನೇ ನೋಡ್ಕೊಳ್ಳೋದು. ಬ್ಯಾಸಗಿ ನೆಲ್ಲು ಬರೋಕ್ಕಿಂತ ಮುಂಚೆ ಆರು ದಿನ ಮಿಲ್ ಬಂದ್ ಇಡ್ತಾರ. ಅಷ್ಟರಾಗ ಮೂರು ಕೆಲಸ ಮುಗಿಸ್ರಿ ಅಂತ ಸಾಹುಕಾರ್ರು ಹೇಳ್ಯಾರ.

ಮೊದಲನೇದು ವೈಟ್ನರ್ ಮಷಿನ್, ಅಂದ್ರ ಅಕ್ಕಿ ಉಜ್ಜಿ ಬೆಳ್ಳಗ ಮಾಡೋದು. ಹೋದ ವರ್ಷ ಕೂಡ್ರಿಸಿದ್ದು. ಕೂಡ್ರಿಸಿದ ಫಿಟ್ಟರ್‌ಗಳು ಬೇಸ್ ಫ್ರೇಮ್ ಕೆಳಗ ಸಿಮೆಂಟು-ಮರಳು ಒಂದಕ್ಕೊಂದು ಕಲಸಿ ಕರಣಿಲೆ ತುರುಕಿ ಹೋಗ್ಯಾರ. ಎಂಟು ತಿಂಗಳಿಗೇ ಬೋಲ್ಟ್ ಸಡ್ಲ ಆಗಾಕ ಹತ್ತಿದ್ವು. ವಾರಕ್ಕೊಮ್ಮೆ ಟೈಟ್ ಮಾಡ್ತೀವಿ, ಮತ್ತ ಸಡ್ಲ. ಮಷಿನ್ ಓಡೋವಾಗ ಫ್ರೇಮಿನ ಅಂಚಿಗೆ ಬೆರಳಿಟ್ರ ಪ್ಲೇಟು ಮ್ಯಾಲ ಕೆಳಗ ಆಡೋದು ಗೊತ್ತಾಗತೈತಿ. ಸಂದಿಯಿಂದ ಬೂದಿ ಬಣ್ಣದ ಹಿಟ್ಟು ಉದುರತೈತಿ. ತೌಡು ಇರಬೇಕು ಅಂತ ಮೊದಲು ತಿಳಕೊಂಡಿದ್ದೆ, ತಿಕ್ಕಿ ನೋಡಿದ್ರ ಸಿಮೆಂಟು.

ಎರಡನೇದು, ನೆಲ್ಲು ನೆನೆಹಾಕೋ ಟ್ಯಾಂಕಿನ ಪಕ್ಕದ ಎರಡು ಆರ್‌ಸಿಸಿ ಕಾಲಂ. ನೆಲದಿಂದ ಎದಿ ಮಟ್ಟದ ತನಕ ಕವರ್ (ಕಂಬಿ ಮ್ಯಾಲಿನ ಕಾಂಕ್ರೀಟ್ ಪದರ) ಉದುರಿ ಕಂಬಿ ಕಾಣ್ತಾವ. ತುಕ್ಕು ಪದರ ಪದರಾಗಿ ಏಳ್ತೈತಿ.

ಮೂರನೇದು ಹಿಂದಿನ ಗೋಡೌನ್ ಗೋಡಿ. ಹಳೇ ಕಲ್ಲುಕಟ್ಟಡ, ಸುಣ್ಣದ ಗಾರಿ. ಕಿಟಕಿ ಮೂಲಿಯಿಂದ ಓರೆಯಾಗಿ ಒಂದು ಬಿರುಕು ಬಿಟ್ಟೈತಿ.

ಸಾಹುಕಾರ್ರು "ನಾನ್ ಶ್ರಿಂಕ್ ಗ್ರೌಟ್ ಅಂತ, ಸಂದಿಗೆ ಸುರಿಯೋ, ಕುಗ್ಗದ ಮಾಲು ಬರ್ತೈತಲ್ಲ, ಹತ್ತು ಚೀಲ ತಂದು ಮೂರಕ್ಕೂ ಹೊಡ್ದುಬಿಡ್ರಿ" ಅಂತಾರ. ಗಂಗಾವತಿ ಅಂಗಡಿಯಾಗ ಕೇಳಿದ್ರ ಅವರು ಫ್ರೀ ಫ್ಲೋ ಗ್ರೌಟ್, ಮೈಕ್ರೋ ಕಾಂಕ್ರೀಟ್, ಎಪಾಕ್ಸಿ ಗ್ರೌಟ್ ಅಂತ ಮೂರು ಹೆಸರು ಹೇಳಿ, ಯಾವುದು ಬೇಕು ನೀವೇ ಹೇಳ್ರಿ ಅಂದ್ರು. ಎಪಾಕ್ಸಿ ರೇಟ್ ಕೇಳಿ ನಾನೇ ಸುಮ್ಮನಾದೆ. ಮ್ಯಾಲ ಇಲ್ಲಿ ಬಿಸಿಲು 40 ದಾಟೈತಿ, ಬೋರಿನ ನೀರು ಉಪ್ಪು. ಅನುಭವ ಇದ್ದವರು ದಯವಿಟ್ಟು ಹೇಳ್ರಿ.

ಸಿಂಧನೂರು ಫಿಟ್ಟರ್

ನಾವು ಬೋಲ್ಟ್ ಕೂಡೋ ಗುಂಡಿಗೆ, ಅಂದ್ರ ಪಾಕೆಟ್‌ಗೆ, ಸಿಮೆಂಟ್ ಸ್ಲರಿಯಾಗ ಅಲ್ಯುಮಿನಿಯಂ ಪೌಡರ್ ಒಂದು ಚಿಟಿಕಿ ಹಾಕ್ತಿದ್ವಿ. ಉಬ್ಬಿ ತುಂಬ್ಕೊಂತೈತಿ. ಹಳೇ ಮಿಲ್‌ಗಳೆಲ್ಲ ಹಂಗೇ ನಡೆದಾವ. ಕಾಲಂ ಬಗ್ಗೆ ನನಗ ಗೊತ್ತಿಲ್ಲ. ಆದರ ಗ್ರೌಟ್ ಮಾಡೋಕ್ಕಿಂತ ಮುಂಚೆ ವೈಟ್ನರ್‌ದು ಅಕ್ಕಿ ಉಜ್ಜೋ ಎಮೆರಿ ಕಲ್ಲು ಒಂದು ಕಡೆ ಸವೆದೈತೇನು, ಪುಲ್ಲಿ ಲೈನ್ ಸರಿ ಐತೇನು ನೋಡ್ರಿ. ಅದು ಬ್ಯಾಲೆನ್ಸ್ ಇಲ್ಲಂದ್ರ ಕೆಳಗ ಕಬ್ಬಿಣ ಹೊಯ್ದ್ರೂ ಬೋಲ್ಟ್ ನಿಲ್ಲಂಗಿಲ್ಲ.

ಬಳ್ಳಾರಿ ರಿಪೇರಿ ಕೆಲಸ

ತಮ್ಮಾ, ಮೂರಕ್ಕೂ ಒಂದೇ ಚೀಲ ಬ್ಯಾಡ. ಸಿಂಧನೂರಿನವರು ಬ್ಯಾಲೆನ್ಸ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ, ಅದನ್ನ ಮೊದಲು ಮಾಡ್ರಿ. ಆಮೇಲೆ ಗ್ರೌಟ್. ಅದರಲ್ಲೂ ಚೀಲದ ಹೆಸರು ಕಡೆಗೆ. ಆ ಸಂದಿಯಿಂದ ಭಾರ ಇಳಿಯುತ್ತಾ, ಅಲ್ಲಿ ಅದುರುವಿಕೆ ಐತಾ, ಎಷ್ಟು ದಪ್ಪ ತುಂಬಬೇಕು, ಜಾಗ ಒದ್ದೆಯೋ ಒಣವೋ ಅನ್ನೋದು ಗೊತ್ತಾದರೆ ಯಾವ ಚೀಲ ಅಂತ ಅಂಗಡಿಯವರನ್ನ ಕೇಳೋದೇ ಬೇಕಾಗಲ್ಲ.

ನಾನು ಇದನ್ನ ಪೆಟ್ಟು ತಿಂದು ಕಲಿತೆ. ಹದಿನೈದು ವರ್ಷದ ಕೆಳಗೆ ಬಳ್ಳಾರಿ ಹೊರಗಡೆ ಒಂದು ಸ್ಪಾಂಜ್ ಐರನ್ ಫ್ಯಾಕ್ಟರಿಯಲ್ಲಿ ದೊಡ್ಡ ಫ್ಯಾನಿನ ಬೇಸ್ ಗ್ರೌಟ್ ಮಾಡೋ ಕೆಲಸ ಹಿಡಿದಿದ್ದೆ. ಒಳ್ಳೇ ನಾನ್ ಶ್ರಿಂಕ್ ಗ್ರೌಟೇ ತಂದಿದ್ದೆ. ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಟ್ಯಾಂಕರ್ ನೀರು ಕೈಗೆ ಬಿಸಿ ಹತ್ತುತ್ತಿತ್ತು. ಎರಡನೇ ಚೀಲಕ್ಕೇ ಮಾಲು ಬಿಗಿಯಾಗಿ ಹರಿಯೋದು ನಿಂತಿತು. ಹುಡುಗರು ಒಂದು ಮಗ್ ನೀರು ಹಾಕಿದರು, ಆಮೇಲೆ ಇನ್ನೊಂದು. ಮುಂದೆ ನಿಂತಿದ್ದ ನಾನು ಬ್ಯಾಡ ಅನ್ನಲಿಲ್ಲ. ಸರಸರ ಅಂತ ಹರಿದು ಆ ಕಡೆ ಬಂತು, ಸಂತೋಷ ಆಯ್ತು. ಅರ್ಧ ಗಂಟೆ ಆದಮೇಲೆ ಪ್ಲೇಟಿನ ಸುತ್ತ ನೋಡಿದರೆ ಗ್ರೌಟಿನ ಮೇಲೆ ತಿಳಿನೀರು ನಿಂತು ಹೊಳೀತಿತ್ತು.

ಮೂರನೇ ದಿನ ಸಣ್ಣ ಸುತ್ತಿಗೆ ತಗೊಂಡು ಪ್ಲೇಟ್ ಮೇಲೆ ಬಡಿದೆ. ಅಂಚಲ್ಲಿ ಟಣ್ ಅಂತು, ನಡುವೆ ಬರ್ತಾ ಬರ್ತಾ ಡಬ್ ಡಬ್. ಪ್ಲೇಟ್ ಎತ್ತಿಸಿದೆವು. ಗ್ರೌಟಿನ ಮೈ ಸೆಟ್ ದೋಸೆ ಮೇಲ್ಭಾಗದ ಹಾಗೆ ತೂತು ತೂತು, ಅದರ ಮೇಲೆ ಬಿಳಿ ಕೆನೆ. ಉಗುರಿಂದ ಕೆರೆದರೆ ಆ ಕೆನೆ ಪುಡಿಯಾಗಿ ಬಂತು. ಎರಡು ರಾತ್ರಿ ಕೂತು ಎಲ್ಲ ಒಡೆದು ತೆಗೆದು ಸ್ವಂತ ದುಡ್ಡಲ್ಲಿ ಮತ್ತೆ ಹಾಕಿದೆ.

ಆಗಿದ್ದು ಇಷ್ಟೇ. ನೀರು ಜಾಸ್ತಿ ಆದರೆ ಭಾರದ ಸಿಮೆಂಟು, ಮರಳು ಕೆಳಗೆ ಕೂರ್ತವೆ, ನೀರು ಮೇಲಕ್ಕೆ ಬರುತ್ತೆ. ಮೇಲೆ ಪ್ಲೇಟ್ ಇದ್ದರೆ ಆ ನೀರು ಅದರ ಹೊಟ್ಟೆ ಕೆಳಗೆ ಸಿಕ್ಕಿಕೊಳ್ಳುತ್ತೆ. ನೀರು ಆರಿ ಹೋದಮೇಲೆ ಅಲ್ಲಿ ಉಳಿಯೋದು ಗಾಳಿ. ಚೀಲದಲ್ಲಿ ಹಿಗ್ಗಿಸೋ ಮದ್ದು ಹಾಕಿರ್ತಾರೆ ನಿಜ, ಆದರೆ ಎರಡು ಮಗ್ ಹೆಚ್ಚಿನ ನೀರಿನ ಪಾಪ ಅದು ತೊಳೆಯಲ್ಲ. ನಿಮ್ಮ ವೈಟ್ನರ್ ಕೆಳಗೂ ಇದೇ ಕಥೆ. ಕರಣಿಯಿಂದ ತುರುಕಿದ ಗಾರೆ ನಡುವಿನ ತನಕ ಹೋಗಿರಲ್ಲ, ಹೋದದ್ದೂ ಒಣಗಿ ಕುಗ್ಗಿರುತ್ತೆ. ಫ್ರೇಮ್ ನಾಲ್ಕು ಅಂಚಿನ ಮೇಲೆ ಕೂತು ದಿನಾ ಕುಟ್ಟಿ ಕುಟ್ಟಿ ಹಿಟ್ಟು ಮಾಡಿದೆ.

ಅಲ್ಯುಮಿನಿಯಂ ಪೌಡರ್ ವಿಷಯ. ಅದು ಸಿಮೆಂಟಿನ ಕ್ಷಾರದ ಜೊತೆ ಸೇರಿ ಗ್ಯಾಸ್ ಬಿಡುತ್ತೆ, ಮಾಲು ಹಸಿ ಇರೋ ತನಕ ಉಬ್ಬುತ್ತೆ. ಗಟ್ಟಿ ಆದಮೇಲೆ ಒಣಗಿ ಕುಗ್ಗೋದಕ್ಕೆ ಅದರಿಂದ ಏನೂ ಸಹಾಯ ಇಲ್ಲ. 50 ಕೆಜಿ ಚೀಲಕ್ಕೆ ಎರಡು ಮೂರು ಗ್ರಾಂ ಸಾಕು, ಅದನ್ನ ಚಿಟಿಕೆಯಲ್ಲಿ ಅಳೆಯೋಕೆ ಆಗಲ್ಲ. ಜಾಸ್ತಿ ಬಿದ್ದರೆ ಒಳಗೆ ಬ್ರೆಡ್ಡಿನ ಹಾಗೆ ತೂತು. ನಮ್ಮ ಬಿಸಿಲಲ್ಲಂತೂ ಸುರಿಯೋ ಮೊದಲೇ ಬಕೆಟ್ಟಲ್ಲೇ ಗ್ಯಾಸ್ ಹೋಗಿಬಿಡುತ್ತೆ. ಆಗಿನ ಕಾಲಕ್ಕೆ ಬೇರೆ ದಾರಿ ಇರಲಿಲ್ಲ, ಈಗ ಐತೆ.

ವೈಟ್ನರ್‌ಗೆ ಸಿಮೆಂಟಿನ ಫ್ರೀ ಫ್ಲೋ ನಾನ್ ಶ್ರಿಂಕ್ ಗ್ರೌಟ್ ಸಾಕು. ಅದು ಒಂದೇ ಸಮ ತಿರುಗೋ ಮಷಿನ್, ಗುದ್ದೋ ಮಷಿನ್ ಅಲ್ಲ. ಅಂಗಡಿಯಲ್ಲಿ ಟೆಕ್ನಿಕಲ್ ಶೀಟ್ ಕೇಳಿ ಇಸ್ಕೊಳ್ರಿ. ಎಎಸ್‌ಟಿಎಂ ಸಿ 1107 (ಕುಗ್ಗದ ಸಿಮೆಂಟ್ ಗ್ರೌಟಿನ ಅಮೆರಿಕದ ಸ್ಟ್ಯಾಂಡರ್ಡ್) ಅಂತ ಬರೆದಿರಬೇಕು, ಒಂದು, ಮೂರು, 28 ದಿನದ ಸ್ಟ್ರೆಂತ್ ಇರಬೇಕು, ಕಡಿಮೆ ಅಂದರೆ ಎಷ್ಟು ದಪ್ಪ, ಜಾಸ್ತಿ ಅಂದರೆ ಎಷ್ಟು ದಪ್ಪ ಹಾಕಬಹುದು ಅಂತಲೂ ಇರಬೇಕು. ಚೀಲದ ತಯಾರಿ ತಿಂಗಳು ನೋಡ್ರಿ. ಗಂಟು ಕಟ್ಟಿದ ಚೀಲ ವಾಪಸ್ ಕೊಡ್ರಿ.

ಎಪಾಕ್ಸಿ, ಅಂದರೆ ಸಿಮೆಂಟಿನ ಬದಲು ಅಂಟು ರಾಳದ ಗ್ರೌಟ್, ಬೇಕಾಗೋದು ದೊಡ್ಡ ಜನರೇಟರ್, ಏರ್ ಕಂಪ್ರೆಸರ್, ಹ್ಯಾಮರ್ ಮಿಲ್ಲಿನಂಥ ಗುದ್ದೋ ಮಷಿನ್‌ಗಳಿಗೆ, ಎಣ್ಣೆ-ಆಸಿಡ್ ಬೀಳೋ ಜಾಗಕ್ಕೆ, ಇಲ್ಲಾ ಸಿಮೆಂಟ್ ಗ್ರೌಟ್ ನುಗ್ಗದಷ್ಟು ಸಣ್ಣ ಸಂದಿಗೆ. ಅದಕ್ಕೆ ಬಿಸಿ ಆಗಿಬರಲ್ಲ. ಬಾಯ್ಲರ್, ಸ್ಟೀಮ್ ಲೈನ್ ಪಕ್ಕ ಹಾಕೋದಿದ್ದರೆ ಎಷ್ಟು ಡಿಗ್ರಿ ತಡಿಯುತ್ತೆ ಅಂತ ಶೀಟಲ್ಲಿ ನೋಡದೆ ಹಾಕಬ್ಯಾಡ್ರಿ. ಇನ್ನೊಂದು, ಸಿಮೆಂಟ್ ಗ್ರೌಟಿಗೆ ನೀರು ಕುಡಿದ ನೆಲ ಬೇಕು, ಎಪಾಕ್ಸಿಗೆ ಒಣಗಿದ ನೆಲ ಬೇಕು. ಇದು ತಿರುಗಾಮುರುಗಾ ಆಗಿ ಹಾಳಾದ ಕೆಲಸ ನಾನೇ ಎಷ್ಟೋ ಕಡೆ ನೋಡಿದೀನಿ.

ಕಾಲಂ ಬೇರೆ ಲೆಕ್ಕ. ಅಲ್ಲಿ ಗ್ರೌಟ್ ಮಾತು ಆಮೇಲೆ, ಮೊದಲು ಜಾಕಿ. ಆ ಕಾಲಂ ಹೊರೋ ಬೀಮಿನ ಕೆಳಗೆ ಎರಡೂ ಕಡೆ ಜಾಕಿ ಕೊಟ್ಟು ಬಿಗಿ ಮಾಡದೆ ಒಂದು ಉಳಿ ಏಟೂ ಹಾಕಬ್ಯಾಡ್ರಿ. ಎರಡು ಕಾಲಂ ಒಟ್ಟಿಗೆ ಒಡೆಯಬ್ಯಾಡ್ರಿ, ಒಂದು ಮುಗಿದು ಬಲ ಬಂದಮೇಲೆ ಇನ್ನೊಂದು. ಕೊಳೆತ ಕಾಂಕ್ರೀಟ್ ಎಲ್ಲ ತೆಗೆದು, ಕಂಬಿ ಹಿಂದೆ ಬೆರಳು ಆಡೋವಷ್ಟು, ಅಂದರೆ 20-25 ಎಂಎಂ ಜಾಗ ಬಿಡಿಸ್ರಿ. ಮುಂದೆ ಮಾತ್ರ ಕೆರೆದು ಹಚ್ಚಿದರೆ ಹಿಂದಿನ ತುಕ್ಕು ಮತ್ತೆ ಉಬ್ಬಿ ಹೊಸ ಮಾಲನ್ನೂ ತಳ್ಳುತ್ತೆ. ಕಂಬಿಯನ್ನ ವೈರ್ ಬ್ರಷ್ ಹಾಕಿ ಬೆಳ್ಳಗೆ ಮಾಡಿ ವರ್ನಿಯರ್ ಹಿಡಿದು ದಪ್ಪ ಅಳೀರಿ. 16 ಎಂಎಂ ಕಂಬಿ 14ಕ್ಕೆ ಬಂದಿದ್ದರೆ ನೋಡೋಕೆ ಎರಡೇ ಎಂಎಂ, ಆದರೆ ಸುಮಾರು ಕಾಲು ಭಾಗ ಕಬ್ಬಿಣ ಹೋಗಿದೆ ಅಂತ ಅರ್ಥ. ಹಂಗಿದ್ದರೆ ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ ಪಕ್ಕದಲ್ಲಿ ಹೊಸ ಕಂಬಿ ಕಟ್ಟಬೇಕು.

ತೆಗೆದ ಮೇಲೆ ಆಳ ನೋಡ್ರಿ. ಒಂದೆರಡು ಇಂಚಿನ ಒಳಗೆ ಅಲ್ಲಲ್ಲಿ ಗುಂಡಿ ಇದ್ದರೆ ಪಾಲಿಮರ್ ಮಾರ್ಟರ್ (ಪಾಲಿಮರ್ ಬೆರೆತ ಗಾರೆ) ಕೈಯಲ್ಲೇ ಪದರ ಪದರವಾಗಿ ಒತ್ತಬಹುದು. ಕಂಬಿ ಹಿಂದಿನ ತನಕ ಸುತ್ತ ಬಿಚ್ಚಿದ್ದರೆ ಸಣ್ಣ ಜಲ್ಲಿಯ ಮೈಕ್ರೋ ಕಾಂಕ್ರೀಟ್. ಶಟರಿಂಗ್ ಕಟ್ಟಿ ಮೇಲಿಂದ ಸುರಿದರೆ ತಾನೇ ಹರಿದು ಕಂಬಿ ಸುತ್ತ ಕೂರುತ್ತೆ, ವೈಬ್ರೇಟರ್ ಬೇಕಿಲ್ಲ. ಶಟರಿಂಗ್ ನೀರು ಸೋರಬಾರದು, ಸಂದಿಗೆಲ್ಲ ಫೋಮ್ ಪಟ್ಟಿ ಹಾಕ್ರಿ. ಮಷಿನ್ ಗ್ರೌಟನ್ನೇ ಅಷ್ಟು ದಪ್ಪಕ್ಕೆ ಹಾಗೇ ಸುರಿದರೆ ಒಳಗೆ ಕಾವು ಏರಿ ಸೀಳುತ್ತೆ.

ಗೋಡೆ ಬಗ್ಗೆ ನನಗಿಂತ ತಿಳಿದವರು ಹೇಳಲಿ. ಸುಣ್ಣದ ಗೋಡೆಗೆ ಸಿಮೆಂಟ್ ತುಂಬೋದು ನನಗೆ ಮನಸ್ಸಿಗೆ ಬರಲ್ಲ.

ರಾಯಚೂರು ಇಂಜಿನಿಯರ್

ನಾನು ಬಿಲ್ಡಿಂಗ್ ರಿಪೇರಿ ಡಿಸೈನ್ ಮಾಡ್ತೀನಿ. ಮೇಲಿನ ಅಣ್ಣನವರು ಕಾಲಂ ಬಗ್ಗೆ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಒಡೆದ ಹೊಸ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿ ನೋಡಿ. ಕಾಂಕ್ರೀಟ್ ಇನ್ನೂ ಕ್ಷಾರ ಉಳಿಸಿಕೊಂಡಿದ್ದರೆ ಕಡು ಗುಲಾಬಿ ಬಣ್ಣ ಬರುತ್ತೆ. ಬಣ್ಣವೇ ಬರದ ಜಾಗದಲ್ಲಿ ಕಂಬಿಗೆ ರಕ್ಷಣೆ ಹೋಗಿದೆ ಅಂತ, ನೋಡೋಕೆ ಗಟ್ಟಿ ಇದ್ದರೂ. ನಿಮ್ಮ ಕೇಸಿನಲ್ಲಿ ನೆಲ್ಲು ನೆನೆಸಿದ ನೀರು ಹುಳಿ ಬಂದಿರುತ್ತೆ, ಅದು ದಿನಾ ಕಾಲಂ ಬುಡಕ್ಕೆ ಚೆಲ್ಲುತ್ತಿದ್ದರೆ ಕಾರಣ ಅಲ್ಲೇ ಇದೆ. ರಿಪೇರಿ ಮಾಡಿ ಮೇಲೆ ರಕ್ಷಣಾ ಕೋಟಿಂಗ್ ಕೊಡದೆ, ಆ ನೀರಿಗೆ ಚರಂಡಿ ಮಾಡದೆ ಬಿಟ್ಟರೆ ಮತ್ತೆ ಇದೇ ಪ್ರಶ್ನೆ ಬರುತ್ತೆ.

ನೀರಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಐಎಸ್ 456 ಅನ್ನೋ ಕಾಂಕ್ರೀಟಿನ ಭಾರತೀಯ ಸ್ಟ್ಯಾಂಡರ್ಡ್ ಪ್ರಕಾರ ಕಂಬಿ ಇರೋ ಕಾಂಕ್ರೀಟಿಗೆ ಕಲಸೋ ನೀರಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು, ಪಿಎಚ್ 6ಕ್ಕಿಂತ ಕೆಳಗೆ ಇಳಿಯಬಾರದು. ಕಾಲುವೆ ಕೆಳಗಿನ ಜಮೀನುಗಳಲ್ಲಿ ಜೌಗು ಹಿಡಿದು ಬೋರ್ ನೀರು ಉಪ್ಪಾಗಿರೋದು ನಿಮಗೇ ಗೊತ್ತು. ಟೆಸ್ಟ್ ಮಾಡಿಸೋಕೆ ಟೈಮ್ ಇಲ್ಲದಿದ್ದರೆ ಆ ನೀರು ಮುಟ್ಟಲೇಬೇಡಿ, ಕ್ಯೂರಿಂಗಿಗೂ ಬೇಡ.

ಈಗ ಗೋಡೆ. ದಯವಿಟ್ಟು ಆರು ದಿನದಲ್ಲಿ ಅದನ್ನ ತುಂಬಬೇಡಿ. ಕೆಳಗೆ ಎರೆ ಮಣ್ಣು ಇದೆ ಅಲ್ಲವಾ? ಎರೆ ಬೇಸಿಗೆಯಲ್ಲಿ ಕುಗ್ಗುತ್ತೆ, ಮಳೆ ಬಿದ್ದಾಗ, ಕಾಲುವೆ ನೀರು ಬಿಟ್ಟಾಗ ಉಬ್ಬುತ್ತೆ. ಅದರ ಜೊತೆ ಬಿರುಕೂ ತೆರೆದು ಮುಚ್ಚುತ್ತೆ. ಬೇಸಿಗೆಯಲ್ಲಿ ಪೂರ್ತಿ ಬಾಯಿ ತೆರೆದಾಗ ಗಟ್ಟಿ ಗ್ರೌಟ್ ತುಂಬಿಬಿಟ್ಟರೆ, ಮಳೆಗಾಲದಲ್ಲಿ ಮುಚ್ಚಿಕೊಳ್ಳೋಕೆ ಜಾಗ ಇಲ್ಲದೆ ಗೋಡೆ ಪಕ್ಕದಲ್ಲಿ ಹೊಸದಾಗಿ ಸೀಳುತ್ತೆ. ಬಿರುಕಿಗೆ ಅಡ್ಡವಾಗಿ ಮೂರು ಕಡೆ ತೆಳು ಗಾಜಿನ ಪಟ್ಟಿ ಅಂಟಿಸಿ, ಬಿರುಕು ಆಡಿದರೆ ಗಾಜು ಒಡೆಯುತ್ತೆ. ಎರಡೂ ದಡಕ್ಕೆ ಒಂದೊಂದು ಮೊಳೆ ಹೊಡೆದು ನಡುವಿನ ದೂರ ವರ್ನಿಯರ್‌ನಲ್ಲಿ ಅಳೆದು ಗೋಡೆ ಮೇಲೇ ತಾರೀಕು ಬರೆಯಿರಿ. ಮಳೆಗಾಲ ಮುಗಿಯೋ ತನಕ ತಿಂಗಳಿಗೊಮ್ಮೆ ಅಳೆಯಿರಿ. ಅಳತೆ ಬದಲಾಗದಿದ್ದರೆ ಸುಣ್ಣ ಬೆರೆತ, ಗೋಡೆಗಿಂತ ಮೆತ್ತಗಿನ ಗ್ರೌಟನ್ನ ಕಡಿಮೆ ಒತ್ತಡದಲ್ಲಿ ಕೆಳಗಿಂದ ಮೇಲಕ್ಕೆ ತುಂಬಬಹುದು. ಸುಣ್ಣದ ಗಾರೆ ಸ್ವಲ್ಪ ಬಾಗುತ್ತೆ, ತೇವ ಹೊರಗೆ ಬಿಡುತ್ತೆ. ಅದರ ನಡುವೆ ಗಟ್ಟಿ ಸಿಮೆಂಟ್ ಕೂತರೆ ತೇವ ಎಲ್ಲ ಕಲ್ಲಿನ ಕಡೆ ತಿರುಗಿ ಉಪ್ಪು ಉಕ್ಕುತ್ತೆ. ಅಳತೆ ಬದಲಾಗ್ತಾ ಹೋದರೆ ಕೆಲಸ ಗೋಡೆಯಲ್ಲಿ ಅಲ್ಲ, ತಳಪಾಯದಲ್ಲಿ.

ಕಾರಟಗಿ ಸೈಟ್

ಮೇಡಂ, ಅಣ್ಣಾರ, ಇಬ್ಬರಿಗೂ ಭಾಳ ಉಪಕಾರ ಆತ್ರಿ. ಎರೆ ಮಣ್ಣೇ. ಗೋಡಿ ಕೆಲಸ ಬಿಟ್ಟೀನಿ, ಮೊಳಿ ಹೊಡೆದು ತಾರೀಕು ಬರೆದೀನಿ. ಸಾಹುಕಾರ್ರಿಗೆ ಈ ಪೋಸ್ಟ್ ಓದಿಸಿದೆ, ಒಪ್ಪಿದ್ರು.

ವೈಟ್ನರ್ ಫ್ರೇಮ್ 1200 ಎಂಎಂ ಉದ್ದ, 800 ಅಗಲ. ಹಳೇದು ಒಡೆದ ಮ್ಯಾಲ ಸಂದಿ ಸರಾಸರಿ 45 ಎಂಎಂ ಬರ್ತೈತಿ. ಪಾಕೆಟ್ ನಾಕು, 100 ಬೈ 100, ಆಳ 300. ಎಷ್ಟು ಚೀಲ ತರಲಿ? ಸುರಿಯೋದು ಹೆಂಗ, ಒಂದೀಟು ಬಿಡಿಸಿ ಹೇಳ್ರಿ.

ಬಳ್ಳಾರಿ ರಿಪೇರಿ ಕೆಲಸ

ಫ್ರೇಮ್ ಕೆಳಗೆ ಸುಮಾರು 43 ಲೀಟರ್, ಸುತ್ತ ಅಂಚಿಗೆ, ಚೆಲ್ಲೋದಕ್ಕೆ ಸೇರಿ 50 ಇಟ್ಕೊಳ್ರಿ. ಪಾಕೆಟ್ ಒಂದಕ್ಕೆ 3, ನಾಲ್ಕಕ್ಕೆ 12. ಒಟ್ಟು 62. 25 ಕೆಜಿ ಚೀಲದಿಂದ ಸುಮಾರು 13 ಲೀಟರ್ ಮಾಲು ಬರುತ್ತೆ. ಐದು ಚೀಲ ಬೇಕು, ಆರು ತಗೊಳ್ರಿ. ನಡುವೆ ಮಾಲು ಸಾಲದೆ ನಿಂತರೆ ಅಲ್ಲೇ ಜಾಯಿಂಟ್ ಬೀಳುತ್ತೆ.

ನೀರು ಶೀಟಲ್ಲಿ ಚೀಲಕ್ಕೆ 4 ಲೀಟರ್ ಅಂತ ಇದ್ದರೆ 4 ಲೀಟರ್ ಅಷ್ಟೇ. ಊರಿನ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಎರಡು ಕ್ಯಾನ್ ತನ್ನಿ, ಒಂದು ಕಲಸೋಕೆ, ಒಂದು ಕೈಯಲ್ಲಿ ಇರಲಿ. ರಾತ್ರಿಯೇ ಐಸ್ ಗಡ್ಡೆಯಲ್ಲಿ ಕ್ಯಾನ್ ಇಡ್ರಿ. ಐಸ್ ಒಳಗೆ ಹಾಕಬ್ಯಾಡ್ರಿ, ಲೆಕ್ಕ ತಪ್ಪುತ್ತೆ. ಅಳತೆಗೆ ಗೆರೆ ಇರೋ ಜಗ್, ಮಗ್ ಅನ್ನೋದು ಸೈಟಿಗೇ ಬರಬಾರದು. ಚೀಲ ನೆರಳಲ್ಲಿ ಇರಲಿ.

ಕಾಂಕ್ರೀಟ್ ಮೇಲಿನ ಹೊಟ್ಟಿನ ಧೂಳು, ಎಣ್ಣೆ ಪೂರ್ತಿ ಹೋಗೋ ತನಕ ಉಳಿಯಿಂದ ಕಚ್ಚು ಹಾಕ್ರಿ. ಹಿಂದಿನ ರಾತ್ರಿ ಪೂರ್ತಿ ಪಾಕೆಟ್, ಮೇಲ್ಮೈ ನೀರು ತುಂಬಿ ನೆನೆಸ್ರಿ. ಬೆಳಿಗ್ಗೆ ಸುರಿಯೋ ಮೊದಲು ನಿಂತ ನೀರೆಲ್ಲ ಊದಿ, ಬಟ್ಟೆಯಿಂದ ಒರೆಸಿ ತೆಗೀರಿ. ನೆಲ ಕಪ್ಪಗೆ ತೇವ ಇರಬೇಕು, ಮಿಣುಗಬಾರದು.

ಬೆಳಗಿನ ಜಾವ ಐದಕ್ಕೆ ಶುರು ಮಾಡ್ರಿ. ಮೊದಲು ನೀರು, ಆಮೇಲೆ ಪುಡಿ, ನಿಧಾನಕ್ಕೆ ತಿರುಗೋ ಡ್ರಿಲ್ ಮಿಕ್ಸರ್, ಐದು ನಿಮಿಷ. ಒಂದೇ ಕಡೆಯಿಂದ ಸುರೀರಿ. ಸುರಿಯೋ ಕಡೆ ಶಟರಿಂಗ್ ಒಂದು ಗೇಣು ಎತ್ತರ ಇಳಿಜಾರಾಗಿ ಕಟ್ಟಿದರೆ ಮಾಲು ತನ್ನ ಭಾರಕ್ಕೇ ತಳ್ಳಿಕೊಂಡು ಹೋಗುತ್ತೆ. ಎದುರು ಕಡೆ ಮಾಲು ಪ್ಲೇಟಿನ ತಳಕ್ಕಿಂತ ಮೇಲೆ ಕಾಣೋ ತನಕ ನಿಲ್ಲಿಸಬಾರದು. ಎರಡು ಕಡೆಯಿಂದ ಸುರಿದರೆ ಗಾಳಿ ನಡುವೆ ಸಿಕ್ಕಿಬಿಡುತ್ತೆ. ಹರಿಯೋದು ನಿಧಾನ ಅನಿಸಿದರೆ ಮೊದಲೇ ಕೆಳಗೆ ಒಂದು ಸಪೂರ ಸರಪಳಿ ಹಾಕಿಟ್ಟು ಹಿಂದೆ ಮುಂದೆ ಎಳೀರಿ. ಬಿಗಿಯಾದ ಮಾಲಿಗೆ ಮತ್ತೆ ನೀರು ಕಲಸಬ್ಯಾಡ್ರಿ, ಹೊರಗೆ ಹಾಕ್ರಿ. ಆ ಹೊತ್ತಲ್ಲಿ ಪಕ್ಕದ ಮಷಿನ್ ಯಾವುದೂ ಓಡಬಾರದು, ಅದುರು ಬರುತ್ತೆ.

ಗಟ್ಟಿಯಾಗ್ತಿದ್ದ ಹಾಗೇ ಅಂಚು 45 ಡಿಗ್ರಿ ಇಳಿಜಾರಿಗೆ ಕತ್ತರಿಸಿ ಒದ್ದೆ ಗೋಣಿ ಹೊದಿಸ್ರಿ, ಮೇಲೆ ಪ್ಲಾಸ್ಟಿಕ್. ಮೂರು ದಿನ ಗೋಣಿ ಒಣಗಬಾರದು. ಲೆವೆಲ್ ಮಾಡೋ ಸ್ಕ್ರೂಗೆ ಮೊದಲೇ ಗ್ರೀಸ್ ಹಚ್ಚಿರ್ರಿ, ಮೂರನೇ ದಿನ ಅವನ್ನ ಹಿಂದಕ್ಕೆ ತಿರುಗಿಸಿ ಭಾರ ಗ್ರೌಟಿಗೆ ಬಿಡ್ರಿ. ಆಮೇಲೆ ಬೋಲ್ಟ್ ಬಿಗಿ. ಅದೇ ಮಾಲಿನಿಂದ 70.6 ಎಂಎಂ ಅಚ್ಚಲ್ಲಿ ಆರು ಕ್ಯೂಬ್ ಹೊಯ್ದು ಇಡ್ರಿ. ಮಷಿನ್ ಶುರು ಮಾಡೋ ಮೊದಲು ಮೂರನ್ನ ಒಡೆಸಿ ಸ್ಟ್ರೆಂತ್ ನೋಡ್ರಿ.

ಕಾರಟಗಿ ಸೈಟ್

ಹನ್ನೊಂದು ದಿನ ಆತ್ರಿ, ಹೇಳಬೇಕು ಅಂತ ಬಂದೆ.

ಎಮೆರಿ ಕಲ್ಲು ಒಂದು ಕಡೆ ಸವೆದಿತ್ತು, ಬದಲಿಸಿದ್ವಿ. ಫ್ರೇಮ್ ಎತ್ತಿದಾಗ ಹಳೇ ಗಾರಿ ನಡುವ ಇರಲೇ ಇಲ್ಲ. ಅಂಚಿನಿಂದ ಒಂದು ಗೇಣು ಒಳಗ ಇತ್ತು, ಉಳಿದದ್ದೆಲ್ಲ ಖಾಲಿ. ಅದರಾಗ ತೌಡು ಹೊಕ್ಕು ಹೆಪ್ಪುಗಟ್ಟಿತ್ತು. ಸಾಹುಕಾರ್ರು ಬಗ್ಗಿ ಕೈ ಹಾಕಿ ನೋಡಿದ್ರು.

ಬೆಳಿಗ್ಗೆ ಐದೂವರಿಗೆ ಶುರು ಮಾಡಿದ್ವಿ, ಆರೂಕಾಲಿಗೆ ಐದನೇ ಚೀಲ ಮುಗೀತು. ಮೂರನೇ ಚೀಲದಾಗ ಒಬ್ಬ ಹುಡುಗ ಕೈಯಾಗ ಚೊಂಬು ಹಿಡ್ಕೊಂಡು ಬಂದ, ವಾಪಸ್ ಕಳಿಸಿದೆ. ಎದುರು ಅಂಚಿನ್ಯಾಗ ಮಾಲು ನಿಧಾನಕ ಏರಿ ಬಂದದ್ದನ್ನ ಟಾರ್ಚ್ ಹಿಡಿದು ನೋಡಿದೆ, ಮ್ಯಾಲ ನೀರು ನಿಲ್ಲಲಿಲ್ಲ. ನಾಕನೇ ದಿನ ಸುತ್ತಿಗಿ ಬಡಿದೆ. ಒಂದು ಮೂಲಿ ಬಿಟ್ಟು ಎಲ್ಲಾ ಕಡೆ ಟಣ್ ಅಂತೈತಿ. ಆ ಮೂಲಿಯಾಗ ಅಂಗೈಯಷ್ಟು ಜಾಗ ಸಪ್ಪಳ ಬ್ಯಾರೆ ಬರ್ತೈತಿ. ಅಣ್ಣಾರ, ಅದನ್ನ ಏನು ಮಾಡ್ಲಿ? ಬೋಲ್ಟ್ ಇನ್ನೂ ಸಡ್ಲ ಆಗಿಲ್ಲ.

ಒಂದು ಕಾಲಂ ಮೈಕ್ರೋ ಕಾಂಕ್ರೀಟ್ ಆತು. ಕಂಬಿ 16ರದ್ದು ಒಂದು ಕಡೆ 13.5 ಬಂತು, ಇಂಜಿನಿಯರ್ ಬಂದು ನೋಡಿ ಎರಡು ಹೊಸ ಕಂಬಿ ಹಾಕಿಸಿದ್ರು. ಎರಡನೇ ಕಾಲಂಗೆ ಜಾಕಿ ಕೊಟ್ಟು ಇಟ್ಟೀನಿ, ಇನ್ನೂ ಮುಟ್ಟಿಲ್ಲ.

ಬಳ್ಳಾರಿ ರಿಪೇರಿ ಕೆಲಸ

ಅಂಗೈಯಷ್ಟು ಜಾಗ ಬೋಲ್ಟಿನಿಂದ ದೂರ ಇದ್ದು, ಬೋಲ್ಟ್ ಬಿಗಿ ನಿಂತಿದ್ದರೆ ಈಗ ಮುಟ್ಟಬ್ಯಾಡ್ರಿ. ಸೀಮೆಸುಣ್ಣದಲ್ಲಿ ಅದರ ಸುತ್ತ ಗೆರೆ ಎಳೆದು ತಾರೀಕು ಹಾಕ್ರಿ. ತಿಂಗಳು ಮಷಿನ್ ಓಡಿದ ಮೇಲೆ ಮತ್ತೆ ಬಡಿದು ನೋಡ್ರಿ. ಗೆರೆ ದಾಟಿ ಸಪ್ಪಳ ಹರಡಿದ್ದರೆ ಪ್ಲೇಟಿಗೆ ಎರಡು ಸಣ್ಣ ತೂತು ಹಾಕಿ, ಒಂದರಿಂದ ತೆಳು ಎಪಾಕ್ಸಿ ಇಂಜೆಕ್ಟ್ ಮಾಡಿ ಇನ್ನೊಂದರಿಂದ ಹೊರಗೆ ಬರೋ ತನಕ ತುಂಬೋದು. ಆವಾಗ ಇಲ್ಲಿ ಬರೀರಿ, ಯಾವ ಎಪಾಕ್ಸಿ ಅಂತ ಹೇಳ್ತೀನಿ. ಆ ಚೊಂಬಿನ ಹುಡುಗನಿಗೆ ಯಾಕೆ ಬ್ಯಾಡ ಅಂದಿರಿ ಅನ್ನೋದು ಕೂರಿಸಿಕೊಂಡು ಹೇಳ್ರಿ, ಎರಡನೇ ಕಾಲಂ ಹಾಕೋ ದಿನ ಅವನೇ ಬೇರೆಯವರನ್ನ ತಡೀತಾನೆ.